ನೆಲದೊಳಗೆ ಉಳಿದುಕೊಂಡ ಗ್ಯಾಸ್ ಕಾರ್ಖಾನೆ

ನೆಲ ಕೊರೆದು ಕೊಳವೆಯಲ್ಲಿ ಮೇಲೆತ್ತಿದ ಮಣ್ಣಿನ ಮಾದರಿಯನ್ನು ಮೇಜಿನ ಮೇಲಿಟ್ಟು ಉದ್ದಕ್ಕೆ ಸೀಳಿದರೆ, ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅದು ನುಸಿಗುಳಿಗೆಯ ವಾಸನೆ. ಮೇಲಿನ ಭಾಗದಲ್ಲಿ ಇಟ್ಟಿಗೆ ಚೂರು, ಬೂದಿ, ಕಿಟ್ಟ. ಅದರ ಕೆಳಗೆ ಮರಳು. ಮರಳು ಮುಗಿದು ಜೇಡಿಮಣ್ಣು ಶುರುವಾಗುವಲ್ಲಿ ಬೆರಳಗಲದ ಕಪ್ಪು ಪಟ್ಟಿ. ಅದನ್ನು ಒತ್ತಿದರೆ ಜಿನುಗುತ್ತದೆ. ಒಂದು ಚೂರನ್ನು ನೀರಿನ ಶೀಶೆಗೆ ಹಾಕಿ ಕುಲುಕಿ: ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಹರಡುತ್ತದೆ, ಕಪ್ಪು ಹನಿಗಳು ಮಾತ್ರ ನಿಧಾನವಾಗಿ ತಳಕ್ಕಿಳಿದು ಅಲ್ಲೇ ಕೂರುತ್ತವೆ.

ಆ ಹನಿ ನೂರು-ಇನ್ನೂರು ವರ್ಷಗಳ ಹಿಂದೆ ಉರಿದ ಬೀದಿದೀಪಗಳ ಉಳಿಕೆ. 1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್‌ರೂತ್‌ನಲ್ಲಿದ್ದ ತನ್ನ ಮನೆಯಲ್ಲಿ ಕಲ್ಲಿದ್ದಲಿನಿಂದ ತೆಗೆದ ಅನಿಲದ ದೀಪ ಹಚ್ಚಿದ. 1812ರಲ್ಲಿ ಲಂಡನ್ನಿನಲ್ಲಿ ಇಡೀ ನಗರಕ್ಕೆ ಗ್ಯಾಸ್ ಕೊಡುವ ಕಂಪನಿಯೇ ಹುಟ್ಟಿತು. ಮುಂದಿನ ನೂರು ವರ್ಷಗಳಲ್ಲಿ ಯುರೋಪು, ಅಮೆರಿಕಗಳ ಸಣ್ಣ ಪಟ್ಟಣಗಳಿಗೂ ಒಂದೊಂದು ಗ್ಯಾಸ್ ಕಾರ್ಖಾನೆ ಬಂತು. ಕಲ್ಲಿದ್ದಲನ್ನು ಹಡಗಿನಲ್ಲೋ ರೈಲಿನಲ್ಲೋ ತರಿಸಬೇಕಾಗಿದ್ದರಿಂದ ಹೆಚ್ಚಿನವು ನದಿ, ಕಾಲುವೆ, ರೈಲುಹಳಿಗಳ ಪಕ್ಕದಲ್ಲೇ ಎದ್ದವು. ಈ ಒಂದು ಅನುಕೂಲಕ್ಕೆ ನೀರು ಇವತ್ತಿಗೂ ಬೆಲೆ ತೆರುತ್ತಿದೆ.

ಗ್ಯಾಸ್ ಮಾಡುವ ಬಗೆ ಸರಳ. ಗಾಳಿಯಾಡದ ಪಾತ್ರೆಯಲ್ಲಿ ಕಲ್ಲಿದ್ದಲನ್ನು ಕಾಯಿಸುತ್ತಾರೆ. ಅದು ಉರಿಯುವುದಿಲ್ಲ, ಒಡೆಯುತ್ತದೆ. ಜಲಜನಕ, ಮೀಥೇನ್, ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತವೆ. ಪಾತ್ರೆಯಲ್ಲಿ ಕೋಕ್ ಎಂಬ ಗಟ್ಟಿ ಇಂಗಾಲ ಉಳಿಯುತ್ತದೆ. ಗ್ಯಾಸ್ ತಣ್ಣಗಾಗುತ್ತಿದ್ದಂತೆ ಡಾಂಬರು ಬಸಿದಿಳಿಯುತ್ತದೆ; ಶೀಶೆಯ ತಳಕ್ಕಿಳಿದ ಕಪ್ಪು ಹನಿ ಇದೇ. ಆಮೇಲೆ ಗ್ಯಾಸನ್ನು ಕಬ್ಬಿಣದ ಆಕ್ಸೈಡ್ ಬೆರೆಸಿದ ಮರದ ಹೊಟ್ಟಿನ ಮೂಲಕ ಹಾಯಿಸುತ್ತಿದ್ದರು. ಗಂಧಕದ ಕೆಟ್ಟ ವಾಸನೆಯ ಅನಿಲವೂ ಸಯನೈಡೂ ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಆ ಹೊಟ್ಟು ಸವೆದಾಗ ಕಡುನೀಲಿಯಾಗುತ್ತಿತ್ತು. ಚಿತ್ರಕಾರರು ಬಳಸುವ ಪ್ರಷ್ಯನ್ ನೀಲಿಯೇ ಅದು. ಇಂಥ ಜಾಗಗಳಲ್ಲಿ ಅಗೆಯುವವರಿಗೆ ಇಂದಿಗೂ ನೀಲಿ ಬಣ್ಣದ ಮರದ ಚೂರುಗಳು ಸಿಗುತ್ತವೆ.

ಡಾಂಬರಿಗೆ ಬೆಲೆ ಇರಲಿಲ್ಲವೆಂದಲ್ಲ. 1856ರಲ್ಲಿ ವಿಲಿಯಂ ಪರ್ಕಿನ್ ಡಾಂಬರಿನಿಂದ ಸಿಗುವ ವಸ್ತುವಿನಿಂದಲೇ ನೇರಳೆ ಬಣ್ಣ ತಯಾರಿಸಿದ ಮೇಲೆ ಅದು ದೊಡ್ಡ ಉದ್ಯಮಕ್ಕೆ ಕಚ್ಚಾ ಮಾಲಾಯಿತು. ಆದರೂ ನೀರು ಬೆರೆತು ಹಾಳಾದದ್ದು, ಮಾರಾಟವಾಗದೆ ಉಳಿದದ್ದು, ತೊಟ್ಟಿಯ ಬಿರುಕಿನಿಂದ ಸೋರಿದ್ದು ನೆಲದ ಪಾಲಾಯಿತು. ಗ್ಯಾಸ್ ತುಂಬಿಡುವ ದೊಡ್ಡ ಗುಂಡು ಟ್ಯಾಂಕುಗಳಿಗೆ ನೆಲದಡಿ ಇಟ್ಟಿಗೆಯ ಆಳವಾದ ನೀರಿನ ತೊಟ್ಟಿ ಇರುತ್ತಿತ್ತು. ಅದರ ತಳದಲ್ಲಿ ವರ್ಷಗಟ್ಟಲೆ ಡಾಂಬರಿನ ಗಸಿ ಕಟ್ಟುತ್ತಿತ್ತು. ಕೊಳವೆಯಲ್ಲಿ ನೈಸರ್ಗಿಕ ಅನಿಲ ಬಂದು ಕಾರ್ಖಾನೆಗಳು ಮುಚ್ಚಿದಾಗ ಮೇಲಿನ ಕಬ್ಬಿಣವನ್ನು ಗುಜರಿಗೆ ಮಾರಿ, ಒಡೆದ ಗೋಡೆಗಳ ಇಟ್ಟಿಗೆಯನ್ನು ಎಷ್ಟೋ ಕಡೆ ಆ ತೊಟ್ಟಿಗೇ ಸುರಿದು ಮಣ್ಣು ಮುಚ್ಚಿದರು. ಕಾರ್ಖಾನೆಯ ಅರ್ಧ ಭಾಗ ನೆಲದೊಳಗೇ ಉಳಿಯಿತು.

ನನಗೆ ಈ ಕಥೆಯಲ್ಲಿ ಅತ್ಯಂತ ಮುಖ್ಯವೆನಿಸುವುದು ಡಾಂಬರಿನ ತೂಕ. ಪೆಟ್ರೋಲು ಸೋರಿದರೆ ಅಂತರ್ಜಲದ ಮೇಲೆ ತೇಲುತ್ತದೆ. ಹುಡುಕುವುದು ಅಷ್ಟು ಕಷ್ಟವಲ್ಲ. ಕಲ್ಲಿದ್ದಲಿನ ಡಾಂಬರು ನೀರಿಗಿಂತ ಭಾರ. ಅಂತರ್ಜಲವನ್ನು ದಾಟಿಕೊಂಡು ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಜೇಡಿಪದರ ಅಡ್ಡ ಬಂದರೆ ಅದರ ಇಳಿಜಾರು ಹಿಡಿದು ಪಕ್ಕಕ್ಕೆ ಹರಿಯುತ್ತದೆ, ಕೆಲವೊಮ್ಮೆ ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿ. ಜೇಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಅದರೊಳಗೆ ನುಸುಳುತ್ತದೆ. ಹೀಗಾಗಿ ಹಳೆಯ ಕಾರ್ಖಾನೆಯ ನಕ್ಷೆ ಕೈಯಲ್ಲಿದ್ದರೂ ಡಾಂಬರು ಎಲ್ಲಿದೆಯೆಂದು ಹೇಳಲು ಸಾಲದು. ಹತ್ತು ಹೆಜ್ಜೆ ಅಂತರದ ಎರಡು ಕೊರೆತಗಳಲ್ಲಿ ಒಂದರಲ್ಲಿ ಶುದ್ಧ ಮರಳು, ಇನ್ನೊಂದರಲ್ಲಿ ಕಪ್ಪು ಹೊಂಡ ಸಿಗಬಹುದು.

ಅದು ನೀರಿನಲ್ಲಿ ಬೇಗ ಕರಗುವುದೂ ಇಲ್ಲ. ಡಾಂಬರಿನಲ್ಲಿರುವ ಬೆಂಜೀನ್ ತಕ್ಕಮಟ್ಟಿಗೆ ಕರಗಿ ಅಂತರ್ಜಲದೊಂದಿಗೆ ಸಾಗುತ್ತದೆ. ನುಸಿಗುಳಿಗೆಯ ವಾಸನೆ ಕೊಡುವ ನ್ಯಾಫ್ತಲೀನ್ ಲೀಟರಿಗೆ ಸುಮಾರು 30 ಮಿಲಿಗ್ರಾಂ ಕರಗೀತು. ಬೆಂಜೊಪೈರೀನ್‌ನಂಥ, ಇಂಗಾಲದ ಐದು ಉಂಗುರಗಳಿರುವ ಅಣು ಕರಗುವುದು ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. 1915ರಲ್ಲಿ ಜಪಾನಿನ ಯಮಗಿವಾ ಮತ್ತು ಇಚಿಕಾವಾ, ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಕ್ಯಾನ್ಸರ್ ಬರುವುದನ್ನು ತೋರಿಸಿಕೊಟ್ಟರು. ಅದರಲ್ಲಿರುವ ವಿಷ ಯಾವುದೆಂದು ಹುಡುಕಲು ಲಂಡನ್ನಿನ ವಿಜ್ಞಾನಿಗಳು ಎರಡು ಟನ್ ಡಾಂಬರುಗಸಿಯನ್ನು ಹಂತಹಂತವಾಗಿ ಸೋಸಿ, 1933ರಲ್ಲಿ ಈ ಬೆಂಜೊಪೈರೀನನ್ನು ಬೇರ್ಪಡಿಸಿದರು.

ಹಾಗಾದರೆ ಅಗೆದು ತೆಗೆದರಾಯಿತಲ್ಲ? ಆಳ ಕಡಿಮೆಯಿದ್ದರೆ ಅದೇ ಒಳ್ಳೆಯದು. ಆದರೆ ಮಣ್ಣು ತೆರೆದ ಕ್ಷಣದಿಂದ ಬೆಂಜೀನ್, ನ್ಯಾಫ್ತಲೀನ್ ಆವಿಯಾಗಿ ಏಳುತ್ತವೆ. ಸುತ್ತಮುತ್ತ ಮನೆಗಳಿರುತ್ತವೆ. ಅದಕ್ಕೇ ಗುಂಡಿಯ ಮೇಲೆ ದೊಡ್ಡ ಡೇರೆ ಹಾಕಿ, ಒಳಗಿನ ಗಾಳಿಯನ್ನು ಎಳೆದು ಇದ್ದಿಲಿನ ಸೋಸುಕದ ಮೂಲಕ ಹೊರಬಿಡುತ್ತಾರೆ. ತೆಗೆದ ಮಣ್ಣನ್ನು ಬೇರೆಡೆಗೆ ಸಾಗಿಸಿ ನೂರಾರು ಡಿಗ್ರಿ ಶಾಖದಲ್ಲಿ ಕಾಯಿಸಿ ವಿಷವನ್ನು ಆವಿಯಾಗಿಸಬಹುದು. ಹತ್ತಿಪ್ಪತ್ತು ಮೀಟರ್ ಆಳಕ್ಕೆ ಇಳಿದಿದ್ದರೆ ಅಗೆಯುವುದು ಬಹಳ ಕಷ್ಟ. ಆಗ ದೊಡ್ಡ ಬೈರಿಗೆಗಳಿಂದ ನೆಲದೊಳಗೇ ಸಿಮೆಂಟು ಕಲಸಿ ಮಣ್ಣನ್ನೂ ಡಾಂಬರನ್ನೂ ಒಂದೇ ಗಟ್ಟಿ ದಿಮ್ಮಿಯಾಗಿಸುತ್ತಾರೆ. ವಿಷ ಅಲ್ಲೇ ಇರುತ್ತದೆ. ನೀರು ಅದರೊಳಗೆ ಹಾಯದೆ ಸುತ್ತಿ ಹೋಗುತ್ತದೆ.

ಈ ಉಪಾಯಕ್ಕೂ ಒಂದು ತೊಡಕಿದೆ, ಅದು ಆ ನೀಲಿ ಹೊಟ್ಟು. ಪ್ರಷ್ಯನ್ ನೀಲಿಯಲ್ಲಿ ಸಯನೈಡು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿರುತ್ತದೆ. ಆಮ್ಲೀಯ ಮಣ್ಣಿನಲ್ಲಿ ಅದು ಕರಗದೆ ತಣ್ಣಗೆ ಬಿದ್ದಿರುತ್ತದೆ. ಆದರೆ ಸಿಮೆಂಟು ಕ್ಷಾರ. ಕ್ಷಾರ ತಗುಲಿದರೆ ಆ ನೀಲಿ ಕರಗಿ ನೀರು ಸೇರುತ್ತದೆ, ಬಿಸಿಲು ಬಿದ್ದರೆ ಅದರಿಂದ ಸಯನೈಡು ಬಿಡುಗಡೆಯಾಗುತ್ತದೆ. ಡಾಂಬರಿಗೆ ಮದ್ದಾದದ್ದು ನೀಲಿಗೆ ವಿಷ. ಮೊದಲು ನೀಲಿಯನ್ನು ಹುಡುಕಿ ತೆಗೆಯದೆ ಸಿಮೆಂಟು ಸುರಿಯುವುದು ಸರಿಯಲ್ಲ.

ಬ್ಯಾಕ್ಟೀರಿಯಾಗಳ ಬಗ್ಗೆ ನನಗೆ ಗೌರವವಿದೆ, ಆದರೆ ಅವುಗಳ ಮೇಲೆ ಎಲ್ಲ ಭಾರ ಹಾಕುವುದು ತಪ್ಪು. ಆಮ್ಲಜನಕ ಸಿಕ್ಕರೆ ಅವು ಬೆಂಜೀನನ್ನೂ ನ್ಯಾಫ್ತಲೀನನ್ನೂ ಚೆನ್ನಾಗಿ ತಿಂದು ಮುಗಿಸುತ್ತವೆ. ನಾಲ್ಕೈದು ಉಂಗುರಗಳ ಅಣುಗಳು ಅವುಗಳ ಹಲ್ಲಿಗೆ ಸಿಗುವುದು ಕಷ್ಟ. ಅಮೆರಿಕದ ಸಿಯಾಟಲ್‌ನಲ್ಲಿ 1906ರಿಂದ 1956ರವರೆಗೆ ನಡೆದ ಗ್ಯಾಸ್ ಕಾರ್ಖಾನೆಯ ಜಾಗವನ್ನು ರಿಚರ್ಡ್ ಹಾಗ್ ಎಂಬ ಭೂದೃಶ್ಯ ವಿನ್ಯಾಸಕ ಉದ್ಯಾನವಾಗಿ ರೂಪಿಸಿದರು. ಅದು ತೆರೆದದ್ದು 1975ರಲ್ಲಿ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೇ ವಿಷವನ್ನು ಕರಗಿಸಲೆಂದು ಅವರು ನೆಲಕ್ಕೆ ಗಾಳಿಯನ್ನೂ ಸಾವಯವ ಗೊಬ್ಬರವನ್ನೂ ಕೂಡಿಸಿದರು. ಆ ಕಾಲಕ್ಕೆ ಅದು ಧೈರ್ಯದ ಕೆಲಸ. ಅಲ್ಲಿ ಹುಲ್ಲು ಬೆಳೆಯಿತು, ಜನ ಬಂದರು. ವರ್ಷಗಳು ಕಳೆದ ಮೇಲೂ ಅಲ್ಲಲ್ಲಿ ಹುಲ್ಲಿನ ನಡುವೆ ಡಾಂಬರು ಉಕ್ಕಿದ್ದುಂಟು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಗೋವಾನಸ್ ಕಾಲುವೆಯ ದಡದಲ್ಲಿ ಇಂಥ ಮೂರು ಕಾರ್ಖಾನೆಗಳಿದ್ದವು. 2010ರಲ್ಲಿ ಅದು ಅಮೆರಿಕದ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿತು. ಹೂಳೆತ್ತುವ ಮುಖ್ಯ ಕೆಲಸ ಶುರುವಾದದ್ದು 2020ರಲ್ಲಿ. ಮೊಸರಿನಷ್ಟು ಮೆತ್ತಗಿನ ಕಪ್ಪು ಹೂಳನ್ನು ಎತ್ತಿದ ಮೇಲೂ ಅದರಡಿಯ ಮೂಲ ನೆಲದೊಳಗೆ ಡಾಂಬರು ಇಳಿದಿದೆ. ಆದ್ದರಿಂದ ಹೆಚ್ಚು ಕೆಟ್ಟ ಕಡೆ ಆ ನೆಲಕ್ಕೆ ಸಿಮೆಂಟು ಕಲಸಿ, ಎಣ್ಣೆ ಹೀರುವ ವಿಶೇಷ ಜೇಡಿ, ಮರಳು, ಜಲ್ಲಿಗಳ ಹೊದಿಕೆ ಹಾಸುವುದೆಂದು ತೀರ್ಮಾನವಾಯಿತು. ದಡದಲ್ಲಿರುವ ಡಾಂಬರು ಮತ್ತೆ ಕಾಲುವೆಗೆ ಹರಿದು ಬಾರದಂತೆ ನೆಲದಾಳಕ್ಕೆ ಉಕ್ಕಿನ ಗೋಡೆ ಇಳಿಸಬೇಕಾಯಿತು.

ಶುದ್ಧೀಕರಣ ಮುಗಿದ ಜಾಗಗಳಲ್ಲೂ ಹುಲ್ಲಿನ ನಡುವೆ ಪುಟ್ಟ ಕಬ್ಬಿಣದ ಮುಚ್ಚಳಗಳು ಕಾಣುತ್ತವೆ. ಅವು ಕಾವಲು ಬಾವಿಗಳು. ವರ್ಷಕ್ಕೆ ಕೆಲವು ಸಲ ಯಾರೋ ಒಬ್ಬರು ಬಂದು ಮುಚ್ಚಳ ತೆಗೆದು, ಒಂದು ಅಳತೆ ಪಟ್ಟಿಯನ್ನು ನೀರು ದಾಟಿ ತಳ ಮುಟ್ಟುವವರೆಗೆ ಇಳಿಬಿಡುತ್ತಾರೆ. ಮೇಲೆತ್ತಿದಾಗ ಅದರ ತುದಿಯಲ್ಲಿ ಕಪ್ಪು ಅಂಟಿದೆಯೇ ಎಂದು ನೋಡುತ್ತಾರೆ.