ಅಕ್ಕ ಯಾವ ಫೈಲ್ ಒತ್ತಬೇಕು? ಓಪನ್ ಸೋರ್ಸ್ ವೆಬ್‌ಸೈಟ್ ಬಗ್ಗೆ ಕಲಿತದ್ದು

ಅಕ್ಕ ಟೈಲರಿಂಗ್ ಮಾಡುತ್ತಾಳೆ. ಬ್ಲೌಸಿನ ಕಸೂತಿ ಡಿಸೈನ್ ಬಿಡಿಸಲು ಏನಾದರೂ ಸಾಫ್ಟ್‌ವೇರ್ ಇದೆಯಾ ಎಂದು ಕೇಳಿದಳು. ನಾನು ಜಂಬದಿಂದ ಒಂದು ಸಣ್ಣ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ) ಪ್ರಾಜೆಕ್ಟಿನ ಲಿಂಕ್ ಕಳಿಸಿದೆ. ಅರ್ಧ ಗಂಟೆಗೆ ಫೋನು. "ಇಳಿಸಿಕೊಂಡೆ ಕಣೋ, ಒಳಗೆ ಬರೀ ಫೋಲ್ಡರೇ ಇದೆ. ಒತ್ತೋದಕ್ಕೆ ಏನೂ ಇಲ್ಲ."

ಹೋಗಿ ನೋಡಿದರೆ, ಆ ಪುಟದಲ್ಲಿ ಏಳು ಫೈಲುಗಳ ಪಟ್ಟಿ. ಡೆಬ್, ಆರ್‌ಪಿಎಂ, ಆಪ್‌ಇಮೇಜ್ (ಇವು ವಿಂಡೋಸಿನ ಬದಲು ಲಿನಕ್ಸ್ ಬಳಸುವವರಿಗೆ), ಹೀಗೆ. ಅದರಲ್ಲಿ ಅವಳಿಗೆ ಗೊತ್ತಿದ್ದ ಪದ 'ಜಿಪ್' ಒಂದೇ. ಅದನ್ನೇ ಒತ್ತಿದ್ದಳು. ಅದು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಬರಹ. ಒತ್ತಿದರೆ ಓಡುವ ಸಾಫ್ಟ್‌ವೇರ್ ಅಲ್ಲ. ಪ್ರಾಜೆಕ್ಟುಗಳು ಕೋಡ್ ಇಡುವ ಗಿಟ್‌ಹಬ್ ಸೈಟಿನಲ್ಲಿ ಪ್ರತಿ ರಿಲೀಸ್ (ಹೊಸ ಆವೃತ್ತಿ) ಜೊತೆಗೂ ಸೋರ್ಸ್ ಕೋಡಿನ ಎರಡು ಫೈಲು ತಾನಾಗಿಯೇ ಸೇರಿಕೊಳ್ಳುತ್ತವೆ. ಡೆವಲಪರ್‌ಗೆ ಅವು ಬೇಕು. ಅಕ್ಕನಿಗೆ ಅವು ಬಲೆ.

ಹಾಗಾಗಿ ಮೊದಲ ಪಾಠ: ರಿಲೀಸ್ ಪುಟ ಡೌನ್‌ಲೋಡ್ ಪುಟ ಅಲ್ಲ. ವಿಎಲ್‌ಸಿ ಪ್ಲೇಯರ್ ಸೈಟ್ ನೋಡಿ. 1996ರಲ್ಲಿ ಪ್ಯಾರಿಸ್ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರು ಮಾಡಿದ ಪ್ರಾಜೆಕ್ಟ್ ಅದು. ಅಲ್ಲಿ ಕಣ್ಣಿಗೆ ಬೀಳುವುದು ಒಂದು ದೊಡ್ಡ ಬಟನ್. ನೀವು ವಿಂಡೋಸಿನಿಂದ ಬಂದಿದ್ದೀರಾ, ಮ್ಯಾಕಿನಿಂದಾ ಎಂದು ಸೈಟೇ ಗುರುತಿಸಿ ಸರಿಯಾದ ಫೈಲ್ ಕೊಡುತ್ತದೆ. ಸೋರ್ಸ್ ಕೋಡ್ ಕೂಡ ಸಿಗುತ್ತದೆ, ಆದರೆ ಬೇಕಾದವರು ಹುಡುಕಿಕೊಂಡು ಹೋಗಬೇಕು. ಅವರಿಗೆ ಹುಡುಕುವುದು ಗೊತ್ತು, ಅಲ್ವಾ?

ಹೆಸರಿನ ತೊಡಕು

ನನಗೆ ಜಾಸ್ತಿ ಹಿಡಿಸಿದ ಉದಾಹರಣೆ ಫೈಲಿನ ಹೆಸರಲ್ಲಿ ಕಾಣುವ 'ಎಎಂಡಿ64'. ಮಾಮೂಲಿ ಪಿಸಿಗಳ ಎಕ್ಸ್86 ಪ್ರೊಸೆಸರ್‌ಗಳನ್ನು 64 ಬಿಟ್‌ಗೆ ವಿಸ್ತರಿಸಿದ ವಿನ್ಯಾಸ ಎಎಂಡಿ ಎಂಬ ಚಿಪ್ ಕಂಪನಿಯದು. ಆ ಚಿಪ್‌ಗಳು 2003ರಲ್ಲಿ ಬಂದವು. ಇಂಟೆಲ್ ಆಮೇಲೆ ಅದೇ ದಾರಿ ಹಿಡಿಯಿತು. ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಹಳೆಯ ಹೆಸರೇ ಉಳಿದುಕೊಂಡಿತು. ಈಗ ಲ್ಯಾಪ್‌ಟಾಪ್ ಮೇಲೆ ಇಂಟೆಲ್ ಸ್ಟಿಕ್ಕರ್ ಇರುವವರು ಏನು ಮಾಡುತ್ತಾರೆ? "ಇದು ನಂದಲ್ಲ" ಎಂದು ಮುಂದೆ ಹೋಗುತ್ತಾರೆ. ಹಳೆಯ ಪಟ್ಟಿಯಲ್ಲಿ ಐಎ64 ಕಂಡರಂತೂ ಮುಗಿಯಿತು. ಇಂಟೆಲ್ ಅಂದರೆ ಐ ತಾನೇ ಎಂದು ಅದನ್ನೇ ಒತ್ತಿಬಿಡುತ್ತಾರೆ. ಅದು ಇಟಾನಿಯಂ ಎಂಬ ಬೇರೆಯೇ ಜಾತಿಯ ಸರ್ವರ್ ಚಿಪ್. '64 ಬಿಟ್ ಪಿಸಿ, ಇಂಟೆಲ್ ಆದರೂ ಸರಿ ಎಎಂಡಿ ಆದರೂ ಸರಿ' ಎಂದು ಬರೆದರೆ ಒಂದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ.

ಎಲ್ಲವನ್ನೂ ಮಾತಿನಿಂದ ಸರಿಪಡಿಸಲು ಆಗುವುದಿಲ್ಲ, ಇದನ್ನೂ ಬರೆದುಕೊಳ್ಳಿ. ಎಷ್ಟೋ ಲ್ಯಾಪ್‌ಟಾಪ್‌ಗಳ ವೈಫೈ ನಡೆಯಲು ಫರ್ಮ್‌ವೇರ್, ಅಂದರೆ ಆ ಚಿಪ್ಪಿನೊಳಗೆ ಓಡುವ ಸಣ್ಣ ಸಾಫ್ಟ್‌ವೇರ್, ಬೇಕು. ಅದು ಮುಕ್ತ ಲೈಸೆನ್ಸಿನದ್ದಲ್ಲ ಎಂದು ಡೆಬಿಯನ್ ಅದನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇಡುತ್ತಿರಲಿಲ್ಲ. ಅದಿದ್ದ ಫೈಲನ್ನು 'ಅನಧಿಕೃತ' ಎಂಬ ಹೆಸರಿನಲ್ಲಿ ಬೇರೆ ಕಡೆ ಇಟ್ಟಿದ್ದರು. ಹೊಸಬರು ಮುಖಪುಟದಿಂದ ಇಳಿಸಿಕೊಂಡು, ವೈಫೈ ಬರದೆ ಕೈಚೆಲ್ಲುತ್ತಿದ್ದರು. ಇಲ್ಲಿ ಬಟನ್ ಎಷ್ಟು ಚೆಂದ ಮಾಡಿದರೂ ಉಪಯೋಗವಿರಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಒಳಗೇ ಇದೆ. ಅದು ತತ್ವಕ್ಕೆ ಸೋಲು ಎನ್ನುವವರೂ ಇದ್ದಾರೆ. ನಾನು ಹೊಸಬರ ಪಕ್ಷ.

ಹೆದರಿಸುವ ಡಬ್ಬಿ

ಸರಿಯಾದ ಫೈಲ್ ಸಿಕ್ಕಿತು ಎಂದುಕೊಳ್ಳಿ. ಡಿಜಿಟಲ್ ಸಹಿ (ತಯಾರಿಸಿದವರು ಯಾರೆಂದು ತೋರಿಸುವ ಗುರುತು) ಇಲ್ಲದಿದ್ದರೆ, ಒತ್ತಿದ ಕೂಡಲೇ ವಿಂಡೋಸ್ ನೀಲಿ ಡಬ್ಬಿ ತೋರಿಸಿ ತಡೆಯಬಹುದು. ಸಹಿಯ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ದುಡ್ಡು ಬೇಕು. ಸಣ್ಣ ಪ್ರಾಜೆಕ್ಟಿಗೆ ಅದು ಭಾರ. ಆದರೆ "ಹೀಗೊಂದು ಎಚ್ಚರಿಕೆ ಬರಬಹುದು, ಯಾಕೆ ಅಂದರೆ..." ಎಂದು ಡೌನ್‌ಲೋಡ್ ಪುಟದಲ್ಲಿ ಮೊದಲೇ ಹೇಳುವುದಕ್ಕೆ ದುಡ್ಡು ಬೇಡ. ಸುಮ್ನೆ 'ಎಚ್ಚರಿಕೆ ಕಡೆಗಣಿಸಿ' ಎಂದು ಮಾತ್ರ ಬರೆಯಬೇಡಿ. ಜನಪ್ರಿಯ ಸಾಫ್ಟ್‌ವೇರ್‌ಗಳ ನಕಲಿ ಸೈಟುಗಳೂ ಹೇಳುವುದು ಅದನ್ನೇ. ನಮ್ಮ ಅಸಲಿ ವಿಳಾಸ ಯಾವುದು ಎಂದೂ ಪಕ್ಕದಲ್ಲಿ ಹಾಕಿ.

ಇನ್ನು 'ಫ್ರೀ' ಎಂಬ ಮಾತು. ಇಂಗ್ಲಿಷಿನವರು ಈ ಒಂದು ಪದ ಇಟ್ಟುಕೊಂಡು ದುಡ್ಡಿಲ್ಲದ್ದು ಯಾವುದು, ಸ್ವಾತಂತ್ರ್ಯ ಯಾವುದು ಎಂದು ವಿವರಿಸುತ್ತಲೇ ಇದ್ದಾರೆ. ನಮಗೆ 'ಉಚಿತ' ಬೇರೆ, 'ಮುಕ್ತ' ಬೇರೆ. ಆದರೂ ನಮ್ಮ ಪುಟಗಳಲ್ಲಿ 'ಜಿಪಿಎಲ್ ಆವೃತ್ತಿ 3' ಎಂದು ಲೈಸೆನ್ಸಿನ ಹೆಸರಷ್ಟೇ ಬರೆದು ಬಿಡುತ್ತೇವೆ. ಅಕ್ಕ ಕೇಳಿದ್ದು ಇಷ್ಟು: "ಮೂವತ್ತು ದಿನ ಆದಮೇಲೆ ದುಡ್ಡು ಕೇಳುತ್ತಾ? ಅಂಗಡಿ ಕೆಲಸಕ್ಕೆ ಬಳಸಿದರೆ ತಪ್ಪಾ?" ಇಲ್ಲ, ತಪ್ಪಿಲ್ಲ. ಈ ಎರಡು ಉತ್ತರ ಮುಖಪುಟದಲ್ಲೇ ಇರಬೇಕು.

ಸಹಾಯ ಮಾಡಲು ಬಂದವರು

'ಕೈಜೋಡಿಸಿ' ಎಂಬ ಪುಟ ತೆರೆದರೆ ಮೊದಲ ಸಾಲೇ ಗಿಟ್ ಕ್ಲೋನ್, ಅಂದರೆ ಕೋಡ್ ಇಳಿಸಿಕೊಳ್ಳುವ ಆಜ್ಞೆ. ಅನುವಾದ ಮಾಡಬಲ್ಲ ಮೇಷ್ಟ್ರು ಅಲ್ಲಿಂದಲೇ ವಾಪಸ್. ಇದಕ್ಕೆ ಒಳ್ಳೆಯ ಮಾದರಿ ಟ್ರಾನ್ಸ್‌ಲೇಟ್‌ವಿಕಿ ಎಂಬ ಅನುವಾದದ ಸೈಟ್. ಕನ್ನಡ ವಿಕಿಪೀಡಿಯದಲ್ಲಿ ಕಾಣುವ ಬಟನ್‌ಗಳ, ಸೂಚನೆಗಳ ಕನ್ನಡ ಬಹುಪಾಲು ಅಲ್ಲಿಂದಲೇ ಬರುತ್ತದೆ. ಒಂದು ಕಡೆ ಮೂಲ ಸಾಲು, ಕೆಳಗೆ ಬರೆಯಲು ಜಾಗ, ಅಷ್ಟೇ. ಕೋಡ್ ಕಣ್ಣಿಗೇ ಬೀಳುವುದಿಲ್ಲ.

ಬಹಳಷ್ಟು ಸಾಲುಗಳ ಪಕ್ಕದಲ್ಲಿ, ಆ ಮಾತು ಎಲ್ಲಿ ಕಾಣಿಸುತ್ತದೆ ಎಂಬ ವಿವರಣೆಯೂ ಇರುತ್ತದೆ. ಇದು ಸಣ್ಣ ಸಂಗತಿಯಲ್ಲ. 'ಓಪನ್' ಎಂಬ ಒಂಟಿ ಪದ ಕೊಟ್ಟರೆ ಕನ್ನಡದಲ್ಲಿ ಏನು ಬರೆಯಬೇಕು? ಬಟನ್ ಆದರೆ 'ತೆರೆಯಿರಿ'. ಸ್ಥಿತಿ ಹೇಳುವುದಾದರೆ 'ತೆರೆದಿದೆ'. ಇನ್ನೂ ಬಗೆಹರಿಯದ ದೂರಿನ ಪಕ್ಕದಲ್ಲಿದ್ದರೆ 'ಬಾಕಿ ಇದೆ'. ಅಕ್ಕ ಕೊನೆಗೆ ಇನ್‌ಸ್ಟಾಲ್ ಮಾಡಿಕೊಂಡ ಆ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆಯುವ ಬಟನ್ ಮೇಲೆ 'ಬಾಕಿ ಇದೆ' ಎಂದಿತ್ತು. ಏನು ಬಾಕಿ ಎಂದು ಅವಳು ಒಂದು ದಿನ ಪೂರ್ತಿ ಕಾದಿದ್ದಳಂತೆ.