ಪದ ಪರಿಚಯ: ಮೌತ್ ಆರ್ಗನ್ನಿನ ‘ರೀಡ್’

ಮೌತ್ ಆರ್ಗನ್ ಕೊಳ್ಳಲು ಹೊರಟವರು ಯಾವ ಕಂಪನಿಯದು ಒಳ್ಳೆಯದು ಎಂದು ವಿಚಾರಿಸುತ್ತಾರೆ. ವರ್ಷಗಟ್ಟಲೆ ನುಡಿಸಿದವರು ಅದರ ರೀಡ್ ಹೇಗಿದೆ ಎಂದು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆ ತಿಳಿಯದೆ ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ರೀಡ್ ಎಂಬ ಇಂಗ್ಲಿಷ್ ಪದದ ಮೂಲಾರ್ಥ ಜೊಂಡು. ನಾಗಸ್ವರ, ಶಹನಾಯಿಗಳ ಬಾಯಲ್ಲಿ ಇಂದಿಗೂ ಸಸ್ಯಮೂಲದ ರೀಡ್ ಇರುತ್ತದೆ. ಮೌತ್ ಆರ್ಗನ್ನಿನಲ್ಲಿರುವುದು ಲೋಹದ ತೆಳುವಾದ ಪಟ್ಟಿ. ಅದರ ಒಂದು ತುದಿಯನ್ನು ರೀಡ್ ಪ್ಲೇಟ್ ಎಂಬ ಲೋಹದ ತಗಡಿಗೆ ಬಿಗಿದಿರುತ್ತಾರೆ. ಇನ್ನೊಂದು ತುದಿ ತನ್ನ ಅಳತೆಗೇ ಕೊರೆದ ಸೀಳಿನ ಮೇಲೆ ಬಿಡುಬೀಸಾಗಿ ನಿಂತಿರುತ್ತದೆ. ಉಸಿರು ತಾಗಿದಾಗ ಆ ತುದಿ ಸೀಳಿನ ಅಂಚುಗಳಿಗೆ ಎಲ್ಲಿಯೂ ತಗಲದೆ ಒಳಗೂ ಹೊರಗೂ ತೂಗಾಡುವುದರಿಂದ ಇದನ್ನು ಮುಕ್ತ ರೀಡ್ ಎನ್ನುತ್ತಾರೆ. ಚೀನಾದ ಪ್ರಾಚೀನ ವಾದ್ಯ ಶೆಂಗ್, ಅಕಾರ್ಡಿಯನ್ ಮತ್ತು ನಮ್ಮ ಹಾರ್ಮೋನಿಯಂ ಇದೇ ಕುಲಕ್ಕೆ ಸೇರಿದವು.

ಹಾರ್ಮೋನಿಯಂ ಮೇಲೆ ಶಾಸ್ತ್ರೀಯ ಸಂಗೀತದವರಿಗೆ ಇದ್ದ ದೊಡ್ಡ ಆಕ್ಷೇಪ, ಅದರಲ್ಲಿ ಸ್ವರವನ್ನು ಜಾರಿಸಲು ಬರುವುದಿಲ್ಲ ಎಂಬುದು; 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ದೂರವಿಟ್ಟದ್ದಕ್ಕೆ ಇದೂ ಒಂದು ಕಾರಣವಾಗಿತ್ತು. ಅದೇ ಕುಲದ ಮೌತ್ ಆರ್ಗನ್ನಿನಲ್ಲಿ ಮಾತ್ರ ಸ್ವರ ಜಾರುತ್ತದೆ, ಏಕೆಂದರೆ ಇಲ್ಲಿ ನುಡಿಸುವವರ ಬಾಯಿ ಮತ್ತು ಗಂಟಲೇ ವಾದ್ಯದ ಗಾಳಿಕೋಣೆಯ ಒಂದು ಭಾಗವಾಗುತ್ತವೆ. ಹತ್ತು ರಂಧ್ರಗಳ ಡಯಾಟೊನಿಕ್ (ಒಂದೇ ಶ್ರುತಿಯ ಏಳು ಸ್ವರಗಳಿಗೆ ಹೊಂದಿಸಿದ) ಮಾದರಿಯಲ್ಲಿ ಒಟ್ಟು 20 ರೀಡ್‌ಗಳಿದ್ದು, ಪ್ರತಿ ರಂಧ್ರದಲ್ಲಿ ಊದಿದರೆ ಒಂದು, ಉಸಿರನ್ನು ಒಳಗೆಳೆದರೆ ಇನ್ನೊಂದು ನುಡಿಯುತ್ತದೆ. ಸಿ ಶ್ರುತಿಯ ವಾದ್ಯದ ಮೂರನೆಯ ರಂಧ್ರವನ್ನು ನೋಡಿ: ಊದಿದರೆ ಜಿ, ಎಳೆದರೆ ಬಿ (ಸಿ, ಜಿ, ಬಿ ಎಂಬುವು ಪಾಶ್ಚಾತ್ಯ ಸಂಗೀತದ ಸ್ವರಗಳ ಹೆಸರುಗಳು). ಎಳೆಯುತ್ತಲೇ ನಾಲಿಗೆಯನ್ನು ಹಿಂದಕ್ಕೆ ಸರಿಸಿ ಬಾಯೊಳಗಿನ ಆಕಾರವನ್ನು ಬದಲಿಸಿದರೆ, ಸುಮ್ಮನಿದ್ದ ಜಿ ರೀಡ್ ಕೂಡ ಕಂಪಿಸತೊಡಗಿ, ಸ್ವರವು ಬಿ ಇಂದ ಮೂರು ಅರ್ಧಸ್ವರಗಳಷ್ಟು ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಬೆಂಡ್ ಎಂದು ಹೆಸರು. ಬ್ಲೂಸ್ ಸಂಗೀತದ ಅಳುವಿನಂಥ ದನಿ ಹುಟ್ಟುವುದು ಇದರಿಂದಲೇ. ಹೀಗೆ ಎರಡು ರೀಡ್‌ಗಳು ಒಂದೇ ಉಸಿರಿಗೆ ಓಗೊಡಬೇಕಾದರೆ ರೀಡ್ ಮತ್ತು ಸೀಳಿನ ನಡುವಿನ ಸಂದು ಕೂದಲೆಳೆಗಿಂತ ಕಿರಿದಾಗಿರಬೇಕು. ಸಂದು ಹೆಚ್ಚಾದಷ್ಟೂ ಉಸಿರು ಸೋರಿಹೋಗುತ್ತದೆ, ನುಡಿಸುವವರು ಬೇಗ ದಣಿಯುತ್ತಾರೆ. ನನ್ನ ಲೆಕ್ಕದಲ್ಲಿ, ಅಗ್ಗದ ವಾದ್ಯಕ್ಕೂ ಒಳ್ಳೆಯ ವಾದ್ಯಕ್ಕೂ ಇರುವ ಅಂತರದ ಬಹುಪಾಲು ಈ ಸಂದಿನಲ್ಲಿಯೇ ಇದೆ.

ಕಂಪನಿಗಳ ನಡುವಿನ ವ್ಯತ್ಯಾಸವೂ ರೀಡಿನಿಂದಲೇ ಆರಂಭವಾಗುತ್ತದೆ. ಜರ್ಮನಿಯ ಟ್ರೋಸಿಂಗೆನ್ ಊರಿನಲ್ಲಿ 1857ರಲ್ಲಿ ಆರಂಭವಾದ ಹೋನರ್ ಹಿತ್ತಾಳೆಯ ರೀಡ್‌ಗಳನ್ನು ನೆಚ್ಚಿಕೊಂಡು ಬಂದಿದೆ. ಅದರ ಮೆರೀನ್ ಬ್ಯಾಂಡ್ ಮಾದರಿ 1896ರಿಂದ ಇಂದಿನವರೆಗೂ ತಯಾರಾಗುತ್ತಿದೆ. ಜಪಾನಿನ ಹಮಾಮತ್ಸುವಿನ ಸುಜುಕಿ ಬಳಸುವುದು ಫಾಸ್ಫರ್ ಕಂಚು. ಜರ್ಮನಿಯದೇ ಕ್ಲಿಂಗೆಂತಾಲ್ ಊರಿನ ಸೈಡೆಲ್ 1847ರಷ್ಟು ಹಳೆಯ ಸಂಸ್ಥೆಯಾದರೂ ಸ್ಟೇನ್‌ಲೆಸ್ ಸ್ಟೀಲ್ ರೀಡ್‌ಗಳನ್ನು ತಂದು ಹೊಸ ದಾರಿ ತುಳಿಯಿತು. ಹಿತ್ತಾಳೆಯ ನಾದ ತುಂಬಿಕೊಂಡಂತೆ ಇರುತ್ತದೆ, ಉಕ್ಕಿನ ರೀಡ್ ಹೆಚ್ಚು ಕಾಲ ಬಾಳುತ್ತದೆ ಎಂಬುದು ನುಡಿಸುವವರ ನಡುವೆ ಸಾಮಾನ್ಯವಾಗಿ ಕೇಳಿಬರುವ ಮಾತು. ಇವುಗಳಲ್ಲಿ ಎರಡನೆಯದನ್ನು ನಾನು ಒಪ್ಪುತ್ತೇನೆ. ಮೊದಲನೆಯದರಲ್ಲಿ ಲೋಹಕ್ಕಿಂತ ನುಡಿಸುವವರ ಬಾಯಿಯ ಪಾಲೇ ಹೆಚ್ಚು.

ರೀಡ್ ಪ್ಲೇಟುಗಳ ನಡುವೆ ಕೂರುವ, ರಂಧ್ರಗಳಿರುವ ಚೌಕಟ್ಟಿಗೆ ಕೋಂಬ್ ಎನ್ನುತ್ತಾರೆ. ಬಾಚಣಿಗೆಯ ಹಲ್ಲುಗಳಂತೆ ಕಾಣುವುದರಿಂದ ಆ ಹೆಸರು. ಹಳೆಯ ಮೆರೀನ್ ಬ್ಯಾಂಡಿನಲ್ಲಿ ಅದು ಪೇರ್ ಮರದ್ದು. ಬಾಯಿಯ ತೇವಕ್ಕೆ ಮರ ಉಬ್ಬಿ, ಹಲ್ಲುಗಳ ತುದಿ ಹೊರಗೆ ಚಾಚಿ ತುಟಿಯನ್ನು ಕೊರೆಯುತ್ತಿತ್ತು. ಅದೇ ಕಂಪನಿಯ ಸ್ಪೆಷಲ್ 20 ಮಾದರಿಯಲ್ಲಿ ಕೋಂಬ್ ಪ್ಲಾಸ್ಟಿಕ್ಕಿನದು. ತುಟಿಗೂ ಹಿತ, ಗಾಳಿಯ ಬಿಗಿಯೂ ಚೆನ್ನ. ಜಪಾನಿನ ಟೊಂಬೊ ತಯಾರಿಸುವ ಲೀ ಓಸ್ಕರ್ ವಾದ್ಯಗಳಿಗೆ ರೀಡ್ ಪ್ಲೇಟುಗಳು ಬಿಡಿಯಾಗಿಯೂ ಸಿಗುವುದರಿಂದ, ಒಂದು ರೀಡ್ ಕೆಟ್ಟರೆ ಇಡೀ ವಾದ್ಯವನ್ನು ಎಸೆಯಬೇಕಾಗಿಲ್ಲ.

ನಮ್ಮಲ್ಲಿ ಹಳೆಯ ಚಿತ್ರಗೀತೆಗಳನ್ನು ನುಡಿಸುವವರು ಬಹಳ ಮಟ್ಟಿಗೆ ಹಿಡಿಯುವುದು 24 ರಂಧ್ರಗಳ ಟ್ರೆಮೊಲೊ ಮಾದರಿಯನ್ನು. ಇದರಲ್ಲಿ ಒಂದೊಂದು ಸ್ವರಕ್ಕೂ ಎರಡೆರಡು ರೀಡ್‌ಗಳಿದ್ದು, ಅವುಗಳ ಶ್ರುತಿಯಲ್ಲಿ ಬೇಕೆಂದೇ ಸ್ವಲ್ಪ ವ್ಯತ್ಯಾಸ ಇಟ್ಟಿರುತ್ತಾರೆ. ಒಂದು ರೀಡ್ ಸೆಕೆಂಡಿಗೆ 440 ಬಾರಿ, ಇನ್ನೊಂದು 444 ಬಾರಿ ಕಂಪಿಸಿದರೆ ಸೆಕೆಂಡಿಗೆ ನಾಲ್ಕು ಅಲೆಗಳು ಕೇಳಿಸುತ್ತವೆ; ಆ ನಡುಕವೇ ಟ್ರೆಮೊಲೊದ ಮಾಧುರ್ಯ. ಎಲ್ಲ ಸ್ವರಗಳಲ್ಲಿಯೂ ನಡುಕ ಒಂದೇ ಹದದಲ್ಲಿ ಏರುತ್ತ ಹೋಗುತ್ತದೆಯೇ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಂಡ್ ಇದರಲ್ಲಿ ನಿರೀಕ್ಷಿಸಬಾರದು. ಅರ್ಧಸ್ವರಗಳೆಲ್ಲವೂ ಬೇಕೆನ್ನುವವರಿಗೆ ಪಕ್ಕದಲ್ಲಿ ಗುಂಡಿಯಿರುವ ಕ್ರೊಮ್ಯಾಟಿಕ್ ಇದೆ.

ಶ್ರುತಿಯ ಕ್ರಮವನ್ನೂ ಕೇಳಿ ತಿಳಿಯಬೇಕು. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಏಳುವ ಅಂತರ ಗಾಂಧಾರವು ಪಿಯಾನೊದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ (ಅರ್ಧಸ್ವರದ ನೂರನೆಯ ಒಂದು ಭಾಗವೇ ಒಂದು ಸೆಂಟ್). ಲೀ ಓಸ್ಕರ್‌ನ ಡಯಾಟೊನಿಕ್ ವಾದ್ಯಗಳ ಶ್ರುತಿ ಪಿಯಾನೊ ಕ್ರಮಕ್ಕೆ ಹೊಂದುತ್ತದೆ. ಒಂಟಿ ಸ್ವರಗಳ ರಾಗಕ್ಕೆ ಇದು ಅನುಕೂಲ. ಮೆರೀನ್ ಬ್ಯಾಂಡಿನದು ತಂಬೂರಿಯ ಕ್ರಮ ಮತ್ತು ಪಿಯಾನೊದ ಕ್ರಮ, ಈ ಎರಡರ ನಡುವಿನ ರಾಜಿ, ಆದ್ದರಿಂದ ಮೂರು ರಂಧ್ರಗಳನ್ನು ಒಟ್ಟಿಗೆ ಊದಿದಾಗ ಅದರ ನಾದ ಹೆಚ್ಚು ಕೂಡಿಕೊಳ್ಳುತ್ತದೆ.

ಅಂಗಡಿಯಲ್ಲಿ ಊದಿ ನೋಡಲು ಬಿಡುವುದಿಲ್ಲ, ಬಿಡಲೂಬಾರದು. ಕೆಲವೆಡೆ ಗಾಳಿಚೀಲದಿಂದ ನುಡಿಸಿ ತೋರಿಸುತ್ತಾರೆ. ಮನೆಗೆ ತಂದ ಮೇಲೆ ಒಂದನೆಯ ರಂಧ್ರವನ್ನು ಮಗುವಿನ ಕಣ್ಣಿಗೆ ಊದುವಷ್ಟೇ ಮೃದುವಾಗಿ ಊದಿ ನೋಡಬೇಕು. ದನಿ ತಡವಾಗಿ ಬಂದರೆ ಮೇಲಿನ ಕವಚ ಬಿಚ್ಚಿ, ರೀಡಿನ ತುದಿ ತಗಡಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಬೆಳಕಿಗೆ ಹಿಡಿದು ಗಮನಿಸಬೇಕು. ರೀಡಿನ ದಪ್ಪದಷ್ಟು ಎತ್ತರ ಸಾಮಾನ್ಯವಾಗಿ ಸಾಕು. ಹೆಚ್ಚಿದ್ದರೆ ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ಇಳಿಸಬಹುದು.

ನನ್ನ ಸಿ ಶ್ರುತಿಯ ವಾದ್ಯದಲ್ಲಿ ಒಂದು ವರ್ಷದ ಬಳಿಕ ನಾಲ್ಕನೆಯ ರಂಧ್ರದ ಎಳೆಯುವ ರೀಡ್ ಶ್ರುತಿ ಇಳಿಯಿತು. ಸೆಕೆಂಡಿಗೆ ಸುಮಾರು 587 ಬಾರಿ ಬಾಗಿ ಏಳುವ, ಸದಾ ಬೆಂಡ್‌ಗೆ ಒಳಗಾಗುವ ರೀಡ್ ಅದು. ಬಹಳ ಮಂದಿಯ ವಾದ್ಯದಲ್ಲಿ ಮೊದಲು ಸೋಲುವುದೂ ಅದೇ. ತುದಿಯನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿದೆ. ತುದಿ ಹಗುರವಾದರೆ ಸ್ವರ ಏರುತ್ತದೆ, ಬುಡ ತೆಳುವಾದರೆ ಇಳಿಯುತ್ತದೆ. ಸ್ವರ ಮತ್ತೆ ತನ್ನ ಜಾಗಕ್ಕೆ ಬಂದು ಹದಿನೈದು ದಿನ ನಿಂತಿತು, ಆಮೇಲೆ ಪುನಃ ಇಳಿಯಿತು. ಕನ್ನಡಕದ ಗಾಜಿನ ಅಡಿಯಲ್ಲಿ ನೋಡಿದಾಗ ಬುಡದ ಬಳಿ ಎಳೆಯಷ್ಟು ಬಿರುಕು ಕಾಣಿಸಿತು. ಬಿರುಕು ಬಿಟ್ಟ ರೀಡನ್ನು ಅರದಿಂದ ಸರಿಪಡಿಸಲಾಗುವುದಿಲ್ಲ, ಅದನ್ನು ಬದಲಿಸಲೇಬೇಕು.