ಮೈಸೆಲ್ ತಾನಾಗಿ ಕಟ್ಟಿಕೊಂಡಿತೇ, ನಾವು ಕಟ್ಟಿಸಿದೆವೇ?

ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಮಾರ್ಜಕದ ಅಣುವಿಗೆ ನೀರಿಗೆ ಒಗ್ಗುವ ತಲೆಯೂ ನೀರಿಗೆ ಒಗ್ಗದ 12 ಕಾರ್ಬನ್‌ಗಳ ಬಾಲವೂ ಇವೆ. ನೀರಿನಲ್ಲಿ ಇದರ ಪ್ರಮಾಣ ಲೀಟರಿಗೆ ಸುಮಾರು 8 ಮಿಲಿಮೋಲ್ ದಾಟಿದರೆ ಅಣುಗಳು ತಾವೇ ಗುಂಪುಗೂಡುತ್ತವೆ. ಬಾಲಗಳು ಒಳಗೆ, ತಲೆಗಳು ಹೊರಗೆ. ಗುಂಪಿಗೆ ಸರಾಸರಿ 60ರಷ್ಟು ಅಣುಗಳು. ಇದೇ ಮೈಸೆಲ್. ಬಾಲಗಳು ಒಂದನ್ನೊಂದು ಎಳೆದುಕೊಳ್ಳುವುದೇ ಇದಕ್ಕೆ ಕಾರಣ ಎಂದು ಅನೇಕರು ತಿಳಿದಿರುತ್ತಾರೆ. ಕೋಣೆಯ ಉಷ್ಣಾಂಶದಲ್ಲಿ ಮುಖ್ಯ ಕಾರಣ ನೀರು: ಬಾಲದ ಸುತ್ತ ಕಟ್ಟಿಬಿದ್ದಿದ್ದ ನೀರಿನ ಅಣುಗಳು ಬಿಡುಗಡೆಯಾಗಿ ಎಂಟ್ರೊಪಿ, ಅಂದರೆ ಅಣುಗಳು ಹರಡಿಕೊಳ್ಳಬಹುದಾದ ಬಗೆಗಳ ಅಳತೆ, ಹೆಚ್ಚುತ್ತದೆ.

ಕಂಪ್ಯೂಟರಿನಲ್ಲಿ ಇದನ್ನು ನೋಡಲು ಪ್ರತಿ ಪರಮಾಣುವಿನ ಮೇಲಿನ ಬಲ ಲೆಕ್ಕಹಾಕಿ, 2 ಫೆಮ್ಟೊಸೆಕೆಂಡಿನಷ್ಟು (ಒಂದು ಫೆಮ್ಟೊಸೆಕೆಂಡ್ ಎಂದರೆ ಮೈಕ್ರೊಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಮುಂದೆ ಸರಿಸಿ, ಮತ್ತೆ ಬಲ ಲೆಕ್ಕಹಾಕುತ್ತೇವೆ. ಒಂದು ಮೈಕ್ರೊಸೆಕೆಂಡ್ ಮುಟ್ಟಲು 50 ಕೋಟಿ ಹೆಜ್ಜೆ ಬೇಕು.

ಕಷ್ಟ ಇರುವುದು ಪೆಟ್ಟಿಗೆಯ, ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವ ನೀರಿನ ತುಣುಕಿನ, ಅಳತೆಯಲ್ಲಿ. 8 ಮಿಲಿಮೋಲ್‌ನಲ್ಲಿ 60 ಅಣುಗಳಿಗೆ ಬದಿಗೆ ಸುಮಾರು 23 ನ್ಯಾನೊಮೀಟರಿನ ಪೆಟ್ಟಿಗೆ ಬೇಕು, ಅದರ ತುಂಬ ನಾಲ್ಕು ಲಕ್ಷ ನೀರಿನ ಅಣುಗಳು. ಖರ್ಚು ತಗ್ಗಿಸಲು ಪೆಟ್ಟಿಗೆ ಕಿರಿದಾಗುತ್ತದೆ, ಸಾಂದ್ರತೆ ಏರುತ್ತದೆ. 60 ಅಣು ಹಾಕುತ್ತಾರೆ, ಅಷ್ಟೂ ಒಂದೇ ಗುಂಪಾಗುತ್ತವೆ, ಚಿತ್ರ ಚೆಂದವಾಗಿ ಬರುತ್ತದೆ. ಆದರೆ 60 ಹಾಕಿ 60ರ ಮೈಸೆಲ್ ಪಡೆದರೆ ಗಾತ್ರದ ಬಗ್ಗೆ ಹೊಸದೇನೂ ತಿಳಿದಂತಾಗಲಿಲ್ಲ. ಪರಿಶೀಲನೆಗೆ ಬರುವ ಪ್ರಬಂಧಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು: ಅಣುಗಳ ಸಂಖ್ಯೆಯನ್ನು ಎರಡು ಮೂರು ಪಟ್ಟು ಮಾಡಿದಾಗಲೂ ಗುಂಪಿನ ಗಾತ್ರ ಅಲ್ಲೇ ನಿಂತಿತೇ?

ಕಾಲವೂ ಅಷ್ಟೇ ಮುಖ್ಯ. ಬಿಡಿ ಅಣುವೊಂದು ಮೈಸೆಲ್ ಬಿಟ್ಟು ಹೊರಬರುವುದು ಮೈಕ್ರೊಸೆಕೆಂಡುಗಳ ಮಾತು. ಇಡೀ ಮೈಸೆಲ್ ಒಡೆದು ಮತ್ತೆ ಕಟ್ಟಿಕೊಳ್ಳುವುದಕ್ಕೆ ಮಿಲಿಸೆಕೆಂಡುಗಳೇ ಹಿಡಿಯಬಹುದು. ನೂರಿನ್ನೂರು ನ್ಯಾನೊಸೆಕೆಂಡಿಗೆ ನಿಲ್ಲಿಸಿದ ಕಂಪ್ಯೂಟರ್ ಓಟದಲ್ಲಿ ಅಣುಗಳು ಸೇರುವುದು ಕಾಣುತ್ತದೆ, ಬಿಡುವುದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬಿಡುವುದನ್ನು ನೋಡದೆ ಸಮತೋಲನ ಎನ್ನಲಾಗದು.

ಸುಮಾರು ನಾಲ್ಕು ಭಾರ ಪರಮಾಣುಗಳನ್ನು (ಹೈಡ್ರೋಜನ್ ಬಿಟ್ಟು ಉಳಿದವನ್ನು) ಒಂದು ಮಣಿಯಾಗಿಸಿ ಲೆಕ್ಕ ಹಗುರಗೊಳಿಸುವ ಮಾರ್ಟಿನಿಯಂಥ ಒರಟು ಮಾದರಿಗಳು ಕಾಲದ ಅಭಾವವನ್ನು ಬಹಳಷ್ಟು ನೀಗಿಸುತ್ತವೆ. ನಾನೂ ಬಳಸುತ್ತೇನೆ, ಬಳಸಲೇಬೇಕು. ಆದರೆ ನೀರು ಮಣಿಯಾದಾಗ ಅದರ ಎಂಟ್ರೊಪಿಯ ಒಂದು ಪಾಲು ಶಕ್ತಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಹಾಗಾಗಿ ಉಷ್ಣಾಂಶ ಬದಲಿಸಿ ಪಡೆದ ಉತ್ತರಗಳನ್ನು ಪರಮಾಣು ಮಟ್ಟದ ಲೆಕ್ಕದೊಂದಿಗೆ ತಾಳೆ ನೋಡದೆ ಒಪ್ಪಬಾರದು.

ವಿದ್ಯಾರ್ಥಿಗಳಿಗೆ ನಾನು ಪಟ್ಟುಹಿಡಿದು ಮಾಡಿಸುವ ಪರೀಕ್ಷೆ ಒಂದಿದೆ. ಒಂದು ಓಟ ಚದುರಿದ ಅಣುಗಳಿಂದ ಶುರುವಾಗಲಿ, ಇನ್ನೊಂದು ಬೇಕೆಂದೇ ತೀರ ದೊಡ್ಡದಾಗಿ ಕಟ್ಟಿಟ್ಟ ಮೈಸೆಲ್‌ನಿಂದ. ಎರಡೂ ಒಂದೇ ಗಾತ್ರಕ್ಕೆ ಬಂದು ನಿಂತರೆ ನಂಬಿಕೆ ಬಲವಾಗುತ್ತದೆ. ಬರದಿದ್ದರೆ ಎರಡೂ ಗಾತ್ರಗಳನ್ನು, ಓಟದ ಅವಧಿಯ ಸಮೇತ, ಪ್ರಬಂಧದಲ್ಲಿ ಹಾಗೆಯೇ ಬರೆಯಬೇಕು.